"ಇನ್ನೇನೂ ಮಾಡೋಕಾಗಲ್ಲ" ಅಂದಮೇಲೆ

ನಮ್ಮ ಪುಟ್ಟಿಗೆ ನಾಲ್ಕು ತಿಂಗಳಿದ್ದಾಗ ಒಂದು ಚಮಚ ಕೆಳಗೆ ಬಿದ್ದರೂ ಬೆಚ್ಚಿಬೀಳುತ್ತಿದ್ದಳು. ಎರಡೂ ಕೈ ಚಾಚಿ, ಕಣ್ಣರಳಿಸಿ, ಮೈಯೆಲ್ಲ ಅದುರಿಸಿ. ಬೇರೆ ಮಕ್ಕಳು ಎರಡು ಮೂರು ಸಲಕ್ಕೆ ಅದೇ ಸದ್ದಿಗೆ ಒಗ್ಗಿಹೋಗುತ್ತವೆ. ಇವಳು ಹತ್ತನೇ ಸಲವೂ ಮೊದಲ ಸಲದ ಹಾಗೇ ಬೆಚ್ಚುತ್ತಿದ್ದಳು. ನಮಗೋ ಹೆಮ್ಮೆ. ಎಷ್ಟು ಚುರುಕು ಕಿವಿ ನೋಡಿ ಅಂತ ಬಂದವರಿಗೆಲ್ಲ ಹೇಳಿದೆ. ಒಂದೆರಡು ಸಲ ಬೇಕಂತಲೇ ಚಪ್ಪಾಳೆ ತಟ್ಟಿ ತೋರಿಸಿದ್ದೂ ಇದೆ. ನೆನೆಸಿಕೊಂಡರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತೆ.

ಆ ಬೆಚ್ಚುವುದೇ ಟೇ-ಸ್ಯಾಕ್ಸ್ ಅನ್ನುವ, ಮೆದುಳಿನ ನರಕೋಶಗಳನ್ನ ಮೆಲ್ಲಮೆಲ್ಲಗೆ ಹಾಳುಮಾಡುವ ಆನುವಂಶಿಕ ಕಾಯಿಲೆಯ ಮೊದಮೊದಲ ಗುರುತು ಅಂತ ಗೊತ್ತಾಗಿದ್ದು ಅವಳಿಗೆ ಹತ್ತು ತಿಂಗಳಾದಾಗ. ಅಷ್ಟರಲ್ಲಿ, ಏಳನೇ ತಿಂಗಳಲ್ಲಿ ಕೂರೋದು ಕಲಿತಿದ್ದವಳು ಒಂಬತ್ತಕ್ಕೆ ಅದನ್ನ ಮರೆತಿದ್ದಳು. ಗಿಲಕಿಗೆ ಕೈ ಚಾಚೋದು ನಿಂತಿತ್ತು. "ಕೆಲವು ಮಕ್ಕಳು ನಿಧಾನ, ಸುಮ್ನೆ ಗಾಬರಿ ಬೀಳ್ಬೇಡಿ" ಅಂದವರೇ ಜಾಸ್ತಿ. ನಿಧಾನವಾಗಿ ಕಲಿಯೋದು ಬೇರೆ, ಕಲಿತದ್ದು ಕಳೆದುಹೋಗೋದು ಬೇರೆ. ಚಿಕ್ಕ ಮಗು ಇರುವವರು ಇದೊಂದು ನೆನಪಿಟ್ಟುಕೊಳ್ಳಿ. ಕಲಿತದ್ದನ್ನ ಮಗು ಮರೆಯುತ್ತಿದ್ದರೆ ಕಾಯಬೇಡಿ, ತೋರಿಸಿ.

ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ ಒಳಗೆ ನೋಡಿದರು. ತುಂಬಾ ಹೊತ್ತು ನೋಡಿದರು. ಎರಡೂ ಕಣ್ಣಿನ ಹಿಂಭಾಗದಲ್ಲಿ ಚೆರ್ರಿ ಹಣ್ಣಿನಂಥ ಕೆಂಪು ಚುಕ್ಕೆ. 1881ರಲ್ಲಿ ವಾರೆನ್ ಟೇ ಅನ್ನುವ ಬ್ರಿಟಿಷ್ ಕಣ್ಣಿನ ವೈದ್ಯರು ಒಂದು ಮಗುವಿನಲ್ಲಿ ಕಂಡು ಬರೆದಿಟ್ಟದ್ದು ಇದೇ ಚುಕ್ಕೆಯನ್ನ. ಆಮೇಲೆ ಓದಿ ತಿಳಿದದ್ದು: ಆ ಕೆಂಪು ರೋಗದ್ದಲ್ಲ. ಸುತ್ತಲಿನ ನರಕೋಶಗಳಲ್ಲಿ ಕೊಬ್ಬಿನಂಥ ಪದಾರ್ಥ ತುಂಬಿ ಅವು ಬಿಳಿಚಿಕೊಂಡಿರುತ್ತವೆ. ನಟ್ಟನಡುವೆ ಆ ಕೋಶಗಳೇ ಇಲ್ಲ, ಹಾಗಾಗಿ ಅಲ್ಲಿ ಮಾತ್ರ ಕಣ್ಣಿನ ಸಹಜ ಬಣ್ಣ ಉಳಿದಿರುತ್ತೆ. ಡಾಕ್ಟರು ಅಷ್ಟು ಹೊತ್ತು ನೋಡಿದ್ದು ಅಲ್ಲಿ ಹಾಳಾಗದೆ ಉಳಿದಿದ್ದ ಒಂದೇ ಜಾಗವನ್ನ.

ರಕ್ತಪರೀಕ್ಷೆಯಲ್ಲಿ, ಆ ಕೊಬ್ಬಿನಂಥ ಪದಾರ್ಥವನ್ನ ಕರಗಿಸಬೇಕಾದ ಹೆಕ್ಸೋಸಮಿನಿಡೇಸ್-ಎ ಅನ್ನುವ ಕಿಣ್ವ ಇಲ್ಲವೇ ಇಲ್ಲ ಅಂತ ಬಂತು. ದೊಡ್ಡ ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ಔಷಧ ಇಲ್ಲ, ಹೆಚ್ಚೆಂದರೆ ನಾಲ್ಕೈದು ವರ್ಷ. ಕೊನೆಗೆ, "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದರು. ಕೆಟ್ಟವರಲ್ಲ, ಅವರ ಕಣ್ಣೂ ಒದ್ದೆಯಾಗಿತ್ತು. ಆದರೆ ನನ್ನ ಜಗಳ ಆ ಮಾತಿನ ಜೊತೆ. ಕಾಯಿಲೆ ವಾಸಿ ಮಾಡೋಕಾಗಲ್ಲ ಅನ್ನೋದು ನಿಜ. ಏನೂ ಮಾಡೋಕಾಗಲ್ಲ ಅನ್ನೋದು ಸುಳ್ಳು. ಈ ಎರಡರ ನಡುವೆ ನನ್ನ ಮಗಳ ಇಡೀ ಬದುಕು ಇತ್ತು.

ನಾನಂತೂ ಡಾಕ್ಟರ ಆ ಮಾತನ್ನ ನಂಬಿದೆ. ಮಾಡೋಕೆ ಏನೂ ಇಲ್ಲ ಅಂದಮೇಲೆ ಓದೋಕೆ ಕೂತೆ. ರಾತ್ರಿಯೆಲ್ಲ ಲ್ಯಾಪ್‌ಟಾಪ್. ಹದಿನೈದನೇ ಕ್ರೋಮೋಸೋಮ್, ಅದರಲ್ಲಿ ಆ ಕಿಣ್ವವನ್ನ ಮಾಡಿಸುವ ಹೆಕ್ಸ್‌ಎ ಜೀನ್, ಅದರಲ್ಲಿ ಆಗಬಹುದಾದ ನೂರಕ್ಕೂ ಹೆಚ್ಚು ಬಗೆಯ ತಪ್ಪುಗಳು, ಎಲ್ಲ ಬಾಯಿಪಾಠ. ಎಲ್ಲೋ ಒಂದು ಪ್ರಯೋಗ ನಡೀತಿರಬಹುದು, ನಮ್ಮನ್ನೂ ಸೇರಿಸಿಕೊಳ್ಳಬಹುದು ಅಂತ ನಿದ್ದೆಗೆಟ್ಟೆ. ಪಕ್ಕದ ಕೋಣೆಯಲ್ಲಿ ನನ್ನ ಹೆಂಡತಿ ಪುಟ್ಟಿಯನ್ನ ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದಳು. ಮಗಳ ಬಗ್ಗೆ ಓದೋಕೆ ಮಗಳನ್ನ ಬಿಟ್ಟು ಎದ್ದುಹೋಗುತ್ತಿದ್ದೆ. ಹೀಗೇ ನಾಲ್ಕು ತಿಂಗಳು. ನನ್ನ ದನಿ ಕೇಳಿದರೆ ಪುಟ್ಟಿ ಇನ್ನೂ ನಗುತ್ತಿದ್ದ ತಿಂಗಳುಗಳು ಅವು. ಆಮೇಲೆ ನಗು ನಿಂತಿತು.

ಹದಿನಾಲ್ಕನೇ ತಿಂಗಳಲ್ಲಿ ನೆತ್ತಿಗೇರಿ, ಎದೆಯಲ್ಲಿ ಕಫ ಕಟ್ಟಿ ಅಡ್ಮಿಟ್ ಆದಾಗ ಬೇರೊಬ್ಬ ಡಾಕ್ಟರು ಪ್ಯಾಲಿಯೇಟಿವ್ ಕೇರ್ ತಂಡಕ್ಕೆ ಹೇಳಿದರು. ಆ ಪದ ಕೇಳಿ ನನಗೆ ಸಿಟ್ಟು ಬಂತು. ಸಾಯೋರಿಗೆ ಕೊಡುವ ಆರೈಕೆ ಅಂತಲೇ ತಿಳಿದಿದ್ದೆ. ನೋವು, ಸಂಕಟ ಇಳಿಸುವ ಆರೈಕೆ ಅಂತ ಆಮೇಲೆ ಗೊತ್ತಾಯಿತು. ಬಂದ ನರ್ಸ್ ಫೈಲ್ ತೆಗೆಯಲಿಲ್ಲ. ಮೊದಲು ಕೇಳಿದ್ದು, "ಇವಳಿಗೆ ಏನಿಷ್ಟ?" ಅಂತ. ಅಲ್ಲಿವರೆಗೆ ಯಾವ ಆಸ್ಪತ್ರೆಯಲ್ಲೂ ಯಾರೂ ಕೇಳಿರಲಿಲ್ಲ. ಬೆಚ್ಚಗಿನ ನೀರು ಅಂದಳು ನನ್ನ ಹೆಂಡತಿ. ಬೆನ್ನ ಮೇಲೆ ಗುಂಡಗೆ ಕೈಯಾಡಿಸೋದು. ಮೆಲ್ಲಗೆ ಗುನುಗೋದು, ಜೋರು ಸದ್ದು ಬೇಡ.

ಅಲ್ಲಿಂದ ಮಾಡೋಕೆ ಎಷ್ಟು ಕೆಲಸ ಇತ್ತು ಅಂದರೆ ಲ್ಯಾಪ್‌ಟಾಪ್ ತೆರೆಯೋಕೆ ಪುರುಸೊತ್ತೇ ಇರಲಿಲ್ಲ. ಭುಜದ ಕೆಳಗೆ ಟವೆಲ್ ಸುತ್ತಿಟ್ಟರೆ ಉಸಿರು ಸಲೀಸು. ಮಗ್ಗುಲಾಗಿ ಮಲಗಿಸಿದರೆ ಜೊಲ್ಲು ಗಂಟಲಿಗೆ ಇಳಿಯಲ್ಲ. ಗಂಟಲಿನ ಕಫ ಎಳೆದು ತೆಗೆಯುವ ಸಕ್ಷನ್ ಮೆಷಿನ್ನಿನ ನಳಿಕೆ ಎಷ್ಟು ಒಳಗೆ ಹೋಗಬೇಕು, ಎಲ್ಲಿ ನಿಲ್ಲಿಸಬೇಕು. ಮೂಗಿನ ಟ್ಯೂಬಿನಲ್ಲಿ ಹಾಲು ಎಷ್ಟು ನಿಧಾನಕ್ಕೆ ಬಿಡಬೇಕು. ಫಿಟ್ಸ್ ಬಂದರೆ ಗಡಿಯಾರ ನೋಡಬೇಕು, ಐದು ನಿಮಿಷ ದಾಟುವ ಹಾಗಿದ್ದರೆ ಯಾವ ಔಷಧ. ಕಣ್ಣು ಕಾಣದಾದಮೇಲೆ ಮುಟ್ಟುವ ಮೊದಲು ಮೆಲ್ಲಗೆ ಹೆಸರು ಕರೆಯಬೇಕು. ಆ ನರ್ಸ್ ಬಂದಮೇಲೆ ಬೆಚ್ಚಿಬೀಳೋದು ಕೂಡ ಅರ್ಧಕ್ಕರ್ಧ ಕಡಿಮೆಯಾಯಿತು. ಇಷ್ಟಕ್ಕೂ ಇದೇನು ಹೊಸ ವಿದ್ಯೆಯಲ್ಲ. ವಾಸಿಯಾಗದ ಕಾಯಿಲೆಯವರನ್ನ ನೋಡಿಕೊಳ್ಳುವ ಮನೆಗೆ ಹಾಸ್ಪಿಸ್ ಅಂತಾರೆ. ಮಕ್ಕಳಿಗೆಂದೇ ಇರುವ ಮೊದಲ ಹಾಸ್ಪಿಸ್, ಹೆಲೆನ್ ಹೌಸ್, ಆಕ್ಸ್‌ಫರ್ಡ್‌ನಲ್ಲಿ ಶುರುವಾಗಿದ್ದು 1982ರಲ್ಲಿ. ಮಕ್ಕಳ ಪ್ಯಾಲಿಯೇಟಿವ್ ಕೇರ್ ಕಾಯಿಲೆ ಗೊತ್ತಾದ ದಿನದಿಂದಲೇ ಶುರುವಾಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. ನಮಗೆ ನಾಲ್ಕು ತಿಂಗಳು ತಡವಾಗಿ ಬಂತು. ಆ ನಾಲ್ಕು ತಿಂಗಳನ್ನ ನಾನು ಯಾರ ಹತ್ತಿರ ಕೇಳಲಿ?

ಇನ್ನು "ಯಾರ ಕಡೆಯಿಂದ ಬಂತು" ಅನ್ನುವ ಪ್ರಶ್ನೆ. ಇದನ್ನ ನನ್ನನ್ನ ಯಾರೂ ಕೇಳಲಿಲ್ಲ, ಎಲ್ಲರೂ ಕೇಳಿದ್ದು ನನ್ನ ಹೆಂಡತಿಯನ್ನ. ಎರಡೂ ಕಡೆಯಿಂದ ಬಂತು ಸ್ವಾಮಿ. ಇಬ್ಬರಲ್ಲೂ ಆ ಜೀನಿನ ಒಂದು ಪ್ರತಿ ಸರಿ, ಒಂದು ಕೆಟ್ಟದ್ದು. ಒಂದು ಸರಿ ಇದ್ದರೆ ಸಾಕು, ಹಾಗಾಗಿ ನಮಗಿಬ್ಬರಿಗೂ ಏನೂ ಆಗಿಲ್ಲ. ಇಬ್ಬರ ಕೆಟ್ಟ ಪ್ರತಿಯೂ ಒಂದೇ ಮಗುವಿಗೆ ಹೋಗುವ ಸಾಧ್ಯತೆ ಪ್ರತಿ ಬಸಿರಿಗೂ ಶೇ. 25. ರಕ್ತಸಂಬಂಧದಲ್ಲಿ ಮದುವೆಯಾದರೆ ಇಂಥ ಕಾಯಿಲೆಯ ಸಾಧ್ಯತೆ ಹೆಚ್ಚು, ನಿಜ. ನಾವಿಬ್ಬರೂ ಸಂಬಂಧಿಕರೇನಲ್ಲ, ಆದರೂ ಬಂತು. ಯುರೋಪಿನ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಇದು ಜಾಸ್ತಿ ಇತ್ತು. 1970ರ ದಶಕದಿಂದ ಅವರು ಮೊದಲೇ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತಾ ಬಂದು ಇಂಥ ಮಕ್ಕಳು ಹುಟ್ಟೋದನ್ನ ಶೇ. 90ಕ್ಕೂ ಹೆಚ್ಚು ಇಳಿಸಿದರು. ಕುಟುಂಬದಲ್ಲಿ ಇಂಥದ್ದೊಂದು ಆಗಿದ್ದರೆ ಪರೀಕ್ಷೆ ಮಾಡಿಸಿ. ತಪ್ಪು ಯಾರದು ಅಂತ ಹುಡುಕಬೇಕಾಗಿಲ್ಲ, ಅದರಲ್ಲೂ ಹೆತ್ತವಳ ಮುಖದಲ್ಲಿ.

ವೆಂಟಿಲೇಟರ್ ಹಾಕಿಸೋದು ಬೇಡ ಅಂತ ನಾವು ಮೊದಲೇ ಕೂತು ಮಾತಾಡಿ ಬರೆದಿಟ್ಟಿದ್ದೆವು. ಮಗು ಚೆನ್ನಾಗಿದ್ದ ಒಂದು ಮಧ್ಯಾಹ್ನ. ಕಷ್ಟದ ಹೊತ್ತಿನಲ್ಲಿ ಆ ಮಾತು ಆಡೋಕೆ ನಮ್ಮಿಂದ ಆಗುತ್ತಿರಲಿಲ್ಲ. ಮಾರ್ಫಿನ್ ಅಂದಾಗ ಹೆದರಿದ್ದೆ, ಚಿಕ್ಕ ಡೋಸ್ ಏದುಸಿರಿನ ಸಂಕಟ ಇಳಿಸುತ್ತೆ ಅಂತ ಡಾಕ್ಟರು ತಾಳ್ಮೆಯಿಂದ ಹೇಳಿದರು. ಎರಡು ವರ್ಷ ಏಳು ತಿಂಗಳಿಗೆ, ನ್ಯುಮೋನಿಯಾ ಆಗಿ, ಮನೆಯಲ್ಲೇ, ಅಮ್ಮನ ಎದೆಯ ಮೇಲೆ ಹೋದಳು. ನನ್ನ ಕೈ ಅವಳ ಬೆನ್ನ ಮೇಲಿತ್ತು.

"ಬಿಡುಗಡೆ ಸಿಕ್ತು ಬಿಡಿ" ಅಂದವರಿಗೆ ನಾನೇನೂ ಹೇಳಲಿಲ್ಲ. "ಇನ್ನೊಂದು ಮಾಡ್ಕೊಳ್ಳಿ" ಅಂದವರಿಗೂ.

ಸಕ್ಷನ್ ಮೆಷಿನ್ ಒಂದು ವರ್ಷ ಕಪಾಟಿನಲ್ಲೇ ಇತ್ತು, ಕೊಡೋಕೆ ಮನಸ್ಸು ಬರಲಿಲ್ಲ. ಕಳೆದ ತಿಂಗಳು ಅದೇ ನರ್ಸ್ ಫೋನ್ ಮಾಡಿದರು. ಇಂಥದ್ದೇ ಇನ್ನೊಂದು ಮಗು, ಹನ್ನೊಂದು ತಿಂಗಳು. ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ಆ ಅಪ್ಪ ನನ್ನ ಹಾಗೇ, ಕೈಯಲ್ಲಿ ಪ್ರಿಂಟ್ ತೆಗೆದ ಕಾಗದದ ಕಟ್ಟು. ಮೆಷಿನ್ ತಗೊಂಡು ಬಾಗಿಲ ಹತ್ತಿರ ಹೋದವನು ತಿರುಗಿ ನಿಂತು, "ಏನೂ ಮಾಡೋಕಾಗಲ್ಲ ಅಂದ್ರು ಅಕ್ಕಾ" ಅಂದ. ನನ್ನ ಹೆಂಡತಿ ಅವನ ಕೈಯಿಂದ ಆ ಕಾಗದದಲ್ಲಿ ಒಂದು ಎಳೆದುಕೊಂಡು, ಹಿಂದಿನ ಖಾಲಿ ಬದಿ ತಿರುಗಿಸಿ, ಪೆನ್ ಕೇಳಿದಳು. "ಮೊದಲು ಟವೆಲ್" ಅಂತ ಬರೆಯೋಕೆ ಶುರು ಮಾಡಿದವಳು ಒಟ್ಟು ಆರು ಹಾಳೆ ಬರೆದಳು.