ಹಿತ್ತಲ ಬೇವು, ಮಗ್ಗಲ ಮನೆಯ ಸಂಡಿಗೆ

ಏಪ್ರಿಲ್ ತಿಂಗಳ ಅಡ್ಡಮಳೆಗೆ ಧಾರವಾಡದ ಸಪ್ತಾಪುರದ ನಮ್ಮ ಹಿತ್ತಲಿನ ಬೇವಿನ ಮರ ಬುಡಸಮೇತ ಬಿತ್ತು. ಅಪ್ಪ ನೆಟ್ಟ ಮರ. ಉರುವಲಿಗೆ ಕೊಡಿ ಅಂತ ಮರುದಿನವೇ ಇಬ್ಬರು ಬಂದರು. ನನಗೆ ಮನಸ್ಸಾಗಲಿಲ್ಲ. ಬೇವಿನ ಹಲಗೆಗೆ ಹುಳ ಬೇಗ ಹತ್ತುವುದಿಲ್ಲ, ಕಪಾಟಿಗೆ ಒಳ್ಳೆಯದು. ಸಾ ಮಿಲ್‌ನಲ್ಲಿ ಕೇಳಿದರೆ ಮನೆ ಅಂಗಳದ ಮರ ಅಂದಕೂಡಲೇ ಬೇಡ ಅಂದರು. ಅವರದೇನೂ ತಪ್ಪಿಲ್ಲ. ಇಂಥ ಮರದಲ್ಲಿ ಮೊಳೆ ಇದ್ದೇ ಇರುತ್ತದೆ, ಅವರ ಗರಗಸ ಹಾಳಾಗುತ್ತದೆ. (ನಮ್ಮದರಲ್ಲೂ ಸಿಕ್ಕಿತು. ಅವ್ವ ಬಟ್ಟೆ ಹಗ್ಗಕ್ಕೆ ಹೊಡೆಸಿದ್ದ ಮೊಳೆ, ನಾಲ್ಕು ಬೆರಳು ಒಳಗೆ, ಸುತ್ತಲಿನ ಕಟ್ಟಿಗೆ ಮಸಿಯಂತೆ ಕಪ್ಪಾಗಿತ್ತು.) ಅದಕ್ಕೇ ಅರಣ್ಯ ಇಲಾಖೆ ಕಚೇರಿಗೆ ಅರ್ಜಿ ಕೊಟ್ಟು, ಅವರು ಆಗಲಿ ಅಂದ ಮೇಲೆ ಚೈನ್‌ಸಾ ತಂದು, ಅದಕ್ಕೆ ಹಲಗೆ ಸೀಳುವ ಚೌಕಟ್ಟು ಕೂಡಿಸಿ ನಾನೇ ಕೆಲಸಕ್ಕೆ ನಿಂತೆ. ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ನಿಂತಿರುವ ಮರ ಕಡಿಯುವವರಂತೂ ಮೊದಲು ಈ ಅರ್ಜಿ ಕೊಡಲೇಬೇಕು. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಊರೊಳಗಿನ ಮರಕ್ಕೂ ಇದೆ.

"ನಿನ್ನ ಮರ, ನಿನ್ನ ಜಾಗ, ಹಗಲು ಹೊತ್ತು, ಯಾರೇನು ಕೇಳ್ತಾರ?" ಅಂತ ಗೆಳೆಯರು ಹೇಳಿದರು. ಈ ಮಾತನ್ನು ನಾನು ಒಪ್ಪುವುದಿಲ್ಲ.

ಮರ ತುಂಡರಿಸುವುದು ಬೇರೆ, ಹಲಗೆ ಸೀಳುವುದು ಬೇರೆ. ಅಡ್ಡ ಕೊಯ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಉದ್ದಕ್ಕೆ ಸೀಳುವಾಗ ಏಳು ಅಡಿ ದಿಮ್ಮಿಯ ಒಂದೇ ಕೊಯ್ತಕ್ಕೆ ಹತ್ತು ಹನ್ನೆರಡು ನಿಮಿಷ ಬೇಕು, ಅಷ್ಟು ಹೊತ್ತೂ ಯಂತ್ರ ಪೂರ್ತಿ ಜೋರಿನಲ್ಲಿ ಒಂದೇ ಸಮನೆ ಕಿರುಚುತ್ತಿರುತ್ತದೆ. ಹಿಡಿದವನ ಕಿವಿ ಹತ್ತಿರ ಸುಮಾರು 110 ಡೆಸಿಬಲ್. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಡೆಸಿಬಲ್ಲಿನಷ್ಟು ಇಳಿಯುತ್ತದೆ, ಅಷ್ಟೇ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಜನವಸತಿ ಜಾಗಕ್ಕೆ ಹಗಲು ಹೊತ್ತಿಗೆ ಇಟ್ಟಿರುವ ಮಿತಿ 55. ನಮ್ಮ ಓಣಿಯಲ್ಲಿ ಮಗ್ಗಲ ಮನೆ ಕಿಟಕಿ ಇರುವುದು ಹತ್ತು ಮೀಟರ್ ಆಚೆಗೆ. ಲೆಕ್ಕ ಹಾಕಿ ನೋಡಿ. ಹಗಲು ಅಂದ ಮಾತ್ರಕ್ಕೆ ಹಕ್ಕು ಬರುವುದಿಲ್ಲ, ಅವರು ಸಹಿಸಿಕೊಂಡಿದ್ದಾರೆ ಅಂತ ನನ್ನ ಕೆಲಸ ನಡೆಯುತ್ತಿದೆ. ನನ್ನ ಕಿವಿಗೆ ಸದ್ದು ತಡೆಯುವ ಮಫ್ ಇದೆ, ಅವರ ಕಿವಿಗೆ ಏನಿದೆ?

ಸದ್ದಿನ ಯೋಚನೆ ನನಗೆ ಮೊದಲೇ ಇತ್ತು. ಪುಡಿಯ ಯೋಚನೆ ಇರಲಿಲ್ಲ. ಈ ಗರಗಸ ಒಂದು ಕೊಯ್ತಕ್ಕೆ ಎಂಟು ಮಿಲಿಮೀಟರ್‌ನಷ್ಟು ಕಟ್ಟಿಗೆ ತಿನ್ನುತ್ತದೆ, ಅಂದರೆ ಮೂರು ಕೊಯ್ತಕ್ಕೆ ಹತ್ತಿರ ಹತ್ತಿರ ಒಂದಿಂಚು ಹಲಗೆ ಪುಡಿಯಾಗಿ ಹೋಗುತ್ತದೆ. ಮೇ ತಿಂಗಳ ಗಾಳಿ ಬೇರೆ. ಮಗ್ಗಲ ಮನೆ ಕಾಕು ಅವತ್ತು ಮಾಳಿಗೆ ಮೇಲೆ ಧೋತ್ರ ಹಾಸಿ ಅಕ್ಕಿ ಸಂಡಿಗೆ ಹಾಕಿದ್ದರು. ಸಂಜೆ ತಟ್ಟೆಯಲ್ಲಿ ನಾಲ್ಕು ತಂದು ನನ್ನ ಮುಂದೆ ಹಿಡಿದರು. ಹಸಿ ಸಂಡಿಗೆ ಮೇಲೆ ನಸುಗೆಂಪು ಪುಡಿ ಅಂಟಿ, ಊದಿದರೂ ಹೋಗುತ್ತಿರಲಿಲ್ಲ. "ಒಂದು ಬಾಯಾಗ ಹಾಕ್ಕೊಂಡು ನೋಡಪಾ, ಬೇವಿನ ಕಷಾಯ ಆಗ್ಯಾವ" ಅಂದರು. ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು. ಎರಡು ದಿನ ನಸುಕಿನಲ್ಲಿ ಎದ್ದು ಮಾಡಿದ ಕೆಲಸ ಅದು. ಮರುದಿನ ಅಕ್ಕಿ, ಜೀರಿಗೆ ಒಯ್ದು ಕೊಟ್ಟೆವು, ನನ್ನ ಹೆಂಡತಿ ಅವರ ಜೊತೆ ಕೂತು ಎಲ್ಲವನ್ನೂ ಮತ್ತೆ ಹಾಕಿ ಬಂದಳು.

ಅಲ್ಲಿಂದ ಮೊದಲು ಕೇಳುತ್ತೇನೆ, ಆಮೇಲೆ ಯಂತ್ರ ಮುಟ್ಟುತ್ತೇನೆ. ನನಗೆ ರಜೆ ಇರುವುದು ಭಾನುವಾರ, ಅವತ್ತೇ ಸರಿ ಅಂದುಕೊಂಡಿದ್ದೆ. ಆದರೆ ಹಿಂದಿನ ಮನೆಯ ರೂಮುಗಳಲ್ಲಿ ಪರೀಕ್ಷೆಗೆ ಓದುವ ಹುಡುಗರಿದ್ದಾರೆ, ಸಪ್ತಾಪುರ ಅಂದರೆ ಅದೇ ಅಲ್ವಾ. ಅವರ ಪರೀಕ್ಷೆಗಳು ಬರುವುದೂ ಭಾನುವಾರವೇ. ಎದುರು ಮನೆ ಅಜ್ಜಾರು ಊಟ ಮಾಡಿ ನಾಲ್ಕರವರೆಗೆ ಮಲಗುತ್ತಾರೆ. ಹಾಗಾಗಿ ಈಗ ಶನಿವಾರ ಅರ್ಧ ದಿನ ರಜೆ ಹಾಕಿ ಸಂಜೆ ನಾಲ್ಕೂವರೆಯಿಂದ ಆರು. ಎರಡು ಟ್ಯಾಂಕ್ ಪೆಟ್ರೋಲ್ ಮುಗಿದರೆ ಅವತ್ತಿಗೆ ಮುಗಿಯಿತು. ಕಾಂಪೌಂಡ್ ಕಡೆ ತಾಡಪತ್ರಿ ಕಟ್ಟಿರುತ್ತೇನೆ. ಪುಡಿ ಚೀಲಕ್ಕೆ ತುಂಬುತ್ತೇನೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಚೈನ್ ಹರಿತ ಇದ್ದಷ್ಟು ನೆರೆಯವರಿಗೆ ಕಾಟ ಕಡಿಮೆ. ಮೊಂಡಾದ ಚೈನ್ ಹಿಟ್ಟಿನಂಥ ಪುಡಿ ಉಗುಳುತ್ತದೆ, ಹೊಗೆ ಬರುತ್ತದೆ, ಒತ್ತಿ ಒತ್ತಿ ತಳ್ಳಬೇಕು, ಹತ್ತು ನಿಮಿಷದ ಕೊಯ್ತ ಇಪ್ಪತ್ತಾಗುತ್ತದೆ. ಅಷ್ಟೂ ಹೊತ್ತು ಓಣಿ ಕೇಳಬೇಕು. ನಾನು ಪ್ರತಿ ಟ್ಯಾಂಕ್ ಮುಗಿದಾಗ ದುಂಡನೆಯ ಅರ ಹಿಡಿದು ಒಂದೊಂದು ಹಲ್ಲನ್ನೂ ಉಜ್ಜುತ್ತೇನೆ. ಉದ್ದ ಸೀಳಲು ಬೇರೆಯೇ ಚೈನ್ ಸಿಗುತ್ತದೆ, ಹಲ್ಲಿನ ಕೋನ 30 ಡಿಗ್ರಿ ಬದಲು 10 ಡಿಗ್ರಿ. ಹಲಗೆ ಮೈ ನುಣುಪಾಗಿ ಬರುತ್ತದೆ. ದುಡ್ಡು ಹೋದರೂ ಅದನ್ನೇ ತನ್ನಿ.

ಸೀಳಿದ ಹಲಗೆ ನೆರಳಲ್ಲಿ ಪೇರಿಸಿದ್ದೇನೆ, ನಡುನಡುವೆ ಒಂದಿಂಚು ಪಟ್ಟಿ, ತುದಿ ಬಿರಿಯದಂತೆ ಉಳಿದಿದ್ದ ಆಯಿಲ್ ಪೇಂಟ್, ಮೇಲೆ ತಗಡು, ಪಕ್ಕ ಎಲ್ಲ ತೆರೆದೇ ಇದೆ. ಒಂದಿಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅನ್ನುವುದು ರೂಢಿ. ಅದರಲ್ಲಿ ಒಂದು ಅಗಲ ಹಲಗೆ ಕಾಕು ಅವರ ದೇವರ ಮನೆಗೆ ಅಂತ ಗುರುತು ಹಾಕಿಟ್ಟಿದ್ದೇನೆ.

ಬುಡದ ದಿಮ್ಮಿ ಇನ್ನೂ ಬಾಕಿ ಇದೆ, ಎಲ್ಲಕ್ಕಿಂತ ದಪ್ಪನೆಯದು. ನಿನ್ನೆ ಹುಡುಗನೊಬ್ಬ ಬಂದು "ಅಣ್ಣಾರ, ಬರೋ ಭಾನುವಾರ ಪರೀಕ್ಷೆ ಐತ್ರಿ, ಅಲ್ಲೀತನಕ ಬ್ಯಾಡ್ರಿ" ಅಂದ. ಅದರ ಮುಂದಿನ ಶನಿವಾರ ಕೊಯ್ಯುತ್ತೇನೆ.