ಅಲರ್ಜಿ ಜೀವಕ್ಕೆ ಬಂದಾಗ ಮೊದಲು ಅಡ್ರಿನಲಿನ್, ಆಮೇಲೆ ಅವಿಲ್

ದಾಳಿಂಬೆ ತೋಟದಲ್ಲಿ ಜೇನು ಕಡಿದೋ, ಶೇಂಗಾ ಹಿಂಡಿ ತಿಂದೋ ಮೈತುಂಬ ದದ್ದೆದ್ದು ಉಸಿರು ಕಟ್ಟಿದರೆ, ನಮ್ಮ ವಿಜಯಪುರ-ಬಾಗಲಕೋಟೆ ಕಡೆಯ ಎಷ್ಟೋ ಸಣ್ಣ ದವಾಖಾನೆಗಳಲ್ಲಿ ಇವತ್ತಿಗೂ ಸಿರಿಂಜಿಗೆ ಮೊದಲು ಏರುವುದು ಅಲರ್ಜಿಯ ತುರಿಕೆ ತಗ್ಗಿಸುವ ಅವಿಲ್, ಸ್ಟೀರಾಯ್ಡ್ ಆದ ಡೆಕ್ಸಾ. ಈ ಕ್ರಮ ಬದಲಾಗಿ ಅಡ್ರಿನಲಿನ್ ಚುಚ್ಚುಮದ್ದು ಮೊದಲು ಬರಲೇಬೇಕು.

ಅವಿಲ್ ತಡೆಯುವುದು ಹಿಸ್ಟಮಿನ್ ಒಂದನ್ನೇ. ಅದು ಅಲರ್ಜಿಗೆ ಕೆರಳುವ ಮಾಸ್ಟ್ ಕೋಶದಲ್ಲಿ ಮೊದಲೇ ತುಂಬಿಟ್ಟ ಸರಕು, ಕ್ಷಣದಲ್ಲಿ ಹೊರಬಿದ್ದು ತುರಿಕೆ, ದದ್ದು ತರುತ್ತದೆ. ಪ್ರಾಣಕ್ಕೆ ಕುತ್ತು ತರುವುದರಲ್ಲಿ ಅದರ ಹಿಂದೆಯೇ ಬರುವ ಕೊಬ್ಬಿನ ಅಣುಗಳ ಪಾಲು ದೊಡ್ಡದು. ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವ ಕೋಶದ ಪೊರೆಯನ್ನೇ ಕತ್ತರಿಸುತ್ತದೆ. ಸಿಕ್ಕ ಅರಾಕಿಡೋನಿಕ್ ಆಮ್ಲದಿಂದ ಲ್ಯೂಕೋಟ್ರೈನ್ ಮತ್ತು ಪ್ರೊಸ್ಟಾಗ್ಲಾಂಡಿನ್ ಡಿ2, ಉಳಿದ ತುಣುಕಿನಿಂದ ಪಿಎಎಫ್ (ಪ್ಲೇಟ್‌ಲೆಟ್ ಆಕ್ಟಿವೇಟಿಂಗ್ ಫ್ಯಾಕ್ಟರ್) ತಯಾರಾಗುತ್ತವೆ. ಶ್ವಾಸನಾಳ ಬಿಗಿಯುವುದರಲ್ಲಿ ಲ್ಯೂಕೋಟ್ರೈನ್ ಹಿಸ್ಟಮಿನ್‌ಗಿಂತ ಸುಮಾರು ಸಾವಿರ ಪಟ್ಟು ಬಲಶಾಲಿ. ಸ್ವೀಡನ್ನಿನ ವಿಜ್ಞಾನಿ ಸಾಮುಯೆಲ್ಸನ್ 1979ರಲ್ಲಿ ಅದರ ರಚನೆ ಬಿಡಿಸಿದರು. 1982ರ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು.

ನನ್ನ ಮಟ್ಟಿಗೆ ಇವುಗಳಲ್ಲಿ ಹೆಚ್ಚು ಭಯ ಹುಟ್ಟಿಸುವುದು ಪಿಎಎಫ್. ರಕ್ತನಾಳ ಸೋರುವಂತೆ ಮಾಡಿ ಬಿಪಿ ಕುಸಿಯುವುದಕ್ಕೆ ಅದು ದೊಡ್ಡ ಕಾರಣ. ತೀವ್ರ ಪ್ರಕರಣದಲ್ಲಿ 10 ನಿಮಿಷದೊಳಗೆ ರಕ್ತನಾಳದ ದ್ರವದ ಶೇ. 35ರಷ್ಟು ಹೊರಗೆ ಹೋಗಬಹುದು. ಪಿಎಎಫ್ ಒಡೆಯುವ ಕಿಣ್ವ ನಮ್ಮ ರಕ್ತದಲ್ಲೇ ಇದೆ. ಅದು ಕಡಿಮೆ ಇದ್ದವರಲ್ಲಿ ಪ್ರತಿಕ್ರಿಯೆ ಹೆಚ್ಚು ತೀವ್ರವಾಗುತ್ತದೆಂದು ಕೆನಡಾದ ಪೀಟರ್ ವಾಡಾಸ್ ತಂಡ 2008ರಲ್ಲಿ ತೋರಿಸಿತು. ಇಬ್ಬರಿಗೆ ಒಂದೇ ಜೇನು ಕಡಿದರೂ ಒಬ್ಬರಷ್ಟೇ ಕುಸಿದುಬೀಳಲು ಇದೂ ಒಂದು ಕಾರಣವಾಗಬಹುದು.

ಅವಿಲ್ ಇವುಗಳ ತಂಟೆಗೇ ಹೋಗುವುದಿಲ್ಲ. ಡೆಕ್ಸಾ ಕೆಲಸ ಶುರುಮಾಡಲು ತಾಸುಗಟ್ಟಲೆ ಬೇಕು. ಲ್ಯೂಕೋಟ್ರೈನ್ ತಡೆಯುವ ಮಾಂಟೆಲುಕಾಸ್ಟ್ ಮಾತ್ರೆಯೂ ಈ ಹೊತ್ತಿನ ಔಷಧವಲ್ಲ. ಅಡ್ರಿನಲಿನ್ ಮಾತ್ರ ನಾಳ ಬಿಗಿಗೊಳಿಸಿ, ಶ್ವಾಸನಾಳ ಸಡಿಲಿಸಿ, ಮಾಸ್ಟ್ ಕೋಶ ಇನ್ನಷ್ಟು ಸುರಿಯದಂತೆ ತಡೆಯುತ್ತದೆ. ಪಿಎಎಫ್ ತನ್ನ ಕೆಲಸ ಮುಗಿಸಿದ ಮೇಲೆ ಕೊಟ್ಟರೆ ಫಲ ಕಡಿಮೆ.

ವೈದ್ಯರು, ನರ್ಸಮ್ಮನವರು ಗೋಡೆಗೆ ಬರೆದು ಅಂಟಿಸಬೇಕಾದ ಲೆಕ್ಕ: 1 ಮಿಲೀಗೆ 1 ಮಿಗ್ರಾಂ ಇರುವ ಅಡ್ರಿನಲಿನ್ ಆಂಪೂಲ್, ಕಿಲೋ ತೂಕಕ್ಕೆ 0.01 ಮಿಲೀ. 20 ಕಿಲೋ ಮಗುವಿಗೆ 0.2, ದೊಡ್ಡವರಿಗೆ 0.5 ಮಿಲೀ. ತೊಡೆಯ ಹೊರಬದಿಯ ಸ್ನಾಯುವಿಗೇ ಕೊಡಬೇಕು, ಚರ್ಮದಡಿಗಲ್ಲ. ಈ ಪ್ರಮಾಣವನ್ನು ನೇರ ರಕ್ತನಾಳಕ್ಕಂತೂ ಕೊಡಲೇಬಾರದು, ಹೃದಯದ ಲಯ ತಪ್ಪುತ್ತದೆ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೆ ಕೊಡಿ, ಜೊತೆಗೆ ಸಲೈನ್ ಜೋರಾಗಿ ಬಿಡಿ.

ಮನೆಯವರಿಗೊಂದು ಮಾತು. ರೋಗಿಯನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡಬೇಡಿ. ಬಿಪಿ ಬಿದ್ದವರನ್ನು ಎಬ್ಬಿಸಿ ಕೂರಿಸಿದರೆ ಹೃದಯಕ್ಕೆ ಮರಳುವ ರಕ್ತ ನಿಂತು ಜೀವ ಹೋಗಬಹುದು. ಅಂಗಾತ ಮಲಗಿಸಿ, ಕಾಲು ಎತ್ತರಿಸಿ, 108ಕ್ಕೆ ಫೋನ್ ಮಾಡಿ. ಉಸಿರಾಟದ ಕಷ್ಟವೇ ಹೆಚ್ಚಿದ್ದರೆ ಮಾತ್ರ ಕಾಲು ಚಾಚಿ ಒರಗಿ ಕೂರಲು ಬಿಡಿ.