ಸತ್ಯಾಂಶ: ಕಣ್ಣೆದುರಿನ ಮಿಂಚು ಬರೀ ಉಷ್ಣವೇ?

‘ಕಣ್ಣೆದುರು ಮಿಂಚು, ಕಪ್ಪು ಚುಕ್ಕೆ ಕಂಡರೆ ಅದು ದೇಹದ ಉಷ್ಣ, ನೋವಿಲ್ಲದಿದ್ದರೆ ಭಯವಿಲ್ಲ, ನೆತ್ತಿಗೆ ಹರಳೆಣ್ಣೆ ಹಚ್ಚಿ ಮಲಗಿ’ ಎಂಬ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಹರಳೆಣ್ಣೆಗಿಂತ ನೋವಿನ ಮಾತೇ ಹೆಚ್ಚು ಅಪಾಯಕಾರಿ. ಅಕ್ಷಿಪಟಲ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾ, ನೋವನ್ನು ಅರಿಯುವುದಿಲ್ಲವಾದ್ದರಿಂದ ಅದು ಹರಿದರೂ ಕಳಚಿದರೂ ನೋಯುವುದಿಲ್ಲ.

ವಯಸ್ಸಾದಂತೆ, ಸಾಮಾನ್ಯವಾಗಿ 50 ದಾಟಿದ ಮೇಲೆ, ಕಣ್ಣೊಳಗಿನ ಲೋಳೆಯಂಥ ವಸ್ತು ಕುಗ್ಗಿ ರೆಟಿನಾದಿಂದ ಬಿಡಿಸಿಕೊಳ್ಳುತ್ತದೆ. ಆ ಎಳೆತ ಮಿಂಚಾಗಿಯೂ, ಲೋಳೆಯೊಳಗಿನ ಎಳೆಗಳ ನೆರಳು ತೇಲುವ ಚುಕ್ಕೆಗಳಾಗಿಯೂ ಕಾಣುತ್ತವೆ. ಬಹುಪಾಲು ಜನರಿಗೆ ಇದರಿಂದ ಹಾನಿಯಿಲ್ಲ. ಆದರೆ ಹೀಗೆ ಹಠಾತ್ತನೆ ಲಕ್ಷಣ ಕಂಡು ಪರೀಕ್ಷೆಗೆ ಬಂದವರಲ್ಲಿ ಸುಮಾರು ಶೇ 14ರಷ್ಟು ಮಂದಿಗೆ ರೆಟಿನಾ ಹರಿದಿರುತ್ತದೆಂದು 2009ರಲ್ಲಿ ಪ್ರಕಟವಾದ ಅಧ್ಯಯನಗಳ ವಿಶ್ಲೇಷಣೆಯೊಂದು ತೋರಿಸಿತು.

ದೃಷ್ಟಿ ಮಂಕಾಗಿದ್ದರೆ ಈ ಸಂಭವ ಇನ್ನೂ ಹೆಚ್ಚು. ಅಂಚಿನಿಂದ ಪರದೆಯಂಥ ನೆರಳು ಸರಿದು ಬಂದರೆ ರೆಟಿನಾ ಆಗಲೇ ಕಳಚುತ್ತಿರಬಹುದು, ಆಗ ಅದೇ ದಿನ ನೇತ್ರತಜ್ಞರನ್ನು ಕಾಣಬೇಕು. ಹೆಚ್ಚಿನ ಸಮೀಪದೃಷ್ಟಿಯವರು, ಪೊರೆಯ ಶಸ್ತ್ರಚಿಕಿತ್ಸೆಯಾದವರು, ಕಣ್ಣಿಗೆ ಪೆಟ್ಟು ಬಿದ್ದವರು ವಿಶೇಷ ಎಚ್ಚರ ವಹಿಸಬೇಕು. ವರ್ಷಗಳಿಂದ ಬದಲಾಗದೆ ಇರುವ ಒಂದೆರಡು ಚುಕ್ಕೆಗಳ ವಿಷಯ ಬೇರೆ.

ಪಾಪೆಯನ್ನು ಹಿಗ್ಗಿಸುವ ಹನಿ ಹಾಕಿ ರೆಟಿನಾದ ಅಂಚಿನವರೆಗೂ ನೋಡಬೇಕಾಗುತ್ತದೆ. ಕನ್ನಡಕದಂಗಡಿಯ ನಂಬರು ಪರೀಕ್ಷೆ ಇದಕ್ಕೆ ಸಾಲದು. ರೆಟಿನಾ ಹರಿದಿದ್ದು ಇನ್ನೂ ಕಳಚಿಲ್ಲದಿದ್ದಾಗ ಸಾಮಾನ್ಯವಾಗಿ ಲೇಸರ್ ಸಾಕಾಗುತ್ತದೆ, ಕಳಚಿದ ಮೇಲೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಮುಂದಿನ ಕೆಲವು ವಾರಗಳಲ್ಲಿ ಹರಿಯುವ ಸಾಧ್ಯತೆ ಅಲ್ಪವಾಗಿ ಉಳಿಯುವುದರಿಂದ ವೈದ್ಯರು ಮತ್ತೆ ಬರಹೇಳುತ್ತಾರೆ.